ಬಿಸಿಲು ಕಾಣದ ಕೊಬ್ಬರಿ

ಶಿವಮೊಗ್ಗ
18 ಜನವರಿ 2024

ಅಕ್ಕನಿಗೆ ದಯಾನಂದನ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನೀನು ಇದನ್ನು ಒಲೆಗೆ ಹಾಕಬಹುದು. ಹಾಕುವ ಮೊದಲು ಪೂರ್ತಿ ಓದಿಬಿಡು, ಆಮೇಲೆ ನಿನ್ನಿಷ್ಟ. ಮೂರು ವರ್ಷದಿಂದ ಫೋನ್ ಮಾಡುತ್ತಲೇ ಇದ್ದೇನೆ. ಪ್ರತಿ ಸಲವೂ ಭಾವ ಎತ್ತಿ, "ನಿಮ್ಮಕ್ಕ ಕೊಬ್ಬರಿ ಮನೇಲವ್ಳೆ ಕಣಪ್ಪ, ಅಲ್ಲಿ ಸಿಗ್ನಲ್ ಸಿಗಾಕಿಲ್ಲ" ಅನ್ನುತ್ತಾರೆ. ಬೆಳಿಗ್ಗೆ ಆರಕ್ಕೂ ಕೊಬ್ಬರಿ ಮನೆ, ಸಂಜೆ ಏಳಕ್ಕೂ ಕೊಬ್ಬರಿ ಮನೆ. ಪಾಪ, ಪರಮಶಿವಯ್ಯ ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳುವಾಗ ಕೆಮ್ಮುತ್ತಾರೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಸೊಸೆ ಲಿಖಿತಾ ನಿನ್ನ ರಕ್ತಪರೀಕ್ಷೆಯ ಫೋಟೋ ಕಳಿಸಿದ್ದಾಳೆ. ಅವಳನ್ನು ಬೈಯಬೇಡ, ನಾನೇ ಪೀಡಿಸಿ ತರಿಸಿಕೊಂಡೆ. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಊರವರ ರಕ್ತ ನೋಡಿದವನು ಸ್ವಂತ ಅಕ್ಕನದನ್ನು ನೋಡಬಾರದೇ? ಮೂರು ತಿಂಗಳ ಸರಾಸರಿ ಸಕ್ಕರೆ ಎಂಟು ಪಾಯಿಂಟ್ ಆರು ಇದೆ, ಏಳರ ಆಸುಪಾಸಿನಲ್ಲಿದ್ದರೆ ಚೆನ್ನಾಗಿತ್ತು. ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ. ಡಿ ವಿಟಮಿನ್ ಬರೀ ಒಂಬತ್ತು. ಇಪ್ಪತ್ತಾದರೂ ಇರಬೇಕಿತ್ತು.

ಡಿ ವಿಟಮಿನ್ ಅಂದರೆ ಮೈಗೆ ಬಿಸಿಲು ಬಿದ್ದಾಗ ಚರ್ಮದಲ್ಲಿ ತಯಾರಾಗುವಂಥದ್ದು. ನಿನ್ನ ಮೈಗೆ ಬಿಸಿಲು ಬೀಳುವುದಾದರೂ ಯಾವಾಗ? ಕಾಯಿ ಅಟ್ಟದ ಮೇಲೆ ನೆರಳಿನಲ್ಲೇ ಹನ್ನೊಂದು ತಿಂಗಳು ಒಣಗಬೇಕು, ಬಿಸಿಲು ಕಂಡರೆ ಕೊಬ್ಬರಿ ಕೆಡುತ್ತದೆ ಅಂತ ಅವ್ವ ನಿನಗೆ ಹೇಳಿಕೊಟ್ಟಳು. ನೀನು ಕಾಯಿಯ ಜೊತೆ ನಲವತ್ತು ವರ್ಷ ಅಲ್ಲೇ ಕೂತುಬಿಟ್ಟೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಡಿ ಕಡಿಮೆಯಿರುವುದು ನಮ್ಮ ಲ್ಯಾಬಿನಲ್ಲಿ ದಿನಾ ಕಾಣುತ್ತದೆ. ಡಿ ಕಡಿಮೆ ಇರುವವರಲ್ಲಿ ಹೃದಯದ ತೊಂದರೆ ಹೆಚ್ಚಾಗಿ ಕಾಣುತ್ತದೆ ಅಂತ ಡಾಕ್ಟರುಗಳೂ ಹೇಳುತ್ತಾರೆ. ಅವ್ವನಿಗೂ ಸಕ್ಕರೆಯಿತ್ತು, ಅವ್ವ ಹೋದದ್ದೂ ಹೃದಯದಿಂದಲೇ. ನನಗೆ ಭಯವಾಗಿದೆ ಅಕ್ಕ. ಡಾಕ್ಟರು ಕೊಟ್ಟದ್ದನ್ನು ತಪ್ಪಿಸದೆ ತೆಗೆದುಕೋ. ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಬಾ.

ನಿನಗೆ ಯಾಕೆ ಸಿಟ್ಟು ಅಂತ ಗೊತ್ತು. ಅದರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ.

ನಿನ್ನ ತಮ್ಮ,
ದಯಾನಂದ


ಹಾಲ್ಕುರಿಕೆ
9 ಫೆಬ್ರವರಿ 2024

ದಯಾನಂದನಿಗೆ,

ಕಾಗದವನ್ನು ಒಲೆಗೆ ಹಾಕಲಿಲ್ಲ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಉಳಿದಿರುವುದು ಬಚ್ಚಲಿನ ನೀರೊಲೆ ಒಂದೇ, ಅದಕ್ಕೆ ಕಾಯಿಸಿಪ್ಪೆ ರಾಶಿ ಬಿದ್ದಿದೆ, ನಿನ್ನ ಕಾಗದ ಬೇಕಾಗಿಲ್ಲ.

ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಆ ದಿನದ ದನಿಯೇ ಕೇಳಿಸುತ್ತದೆ. ಅವ್ವನ ಮಣ್ಣಿಗೆ ಬಂದವನು ಚಪ್ಪಲಿ ಬಿಡುವ ಮೊದಲೇ, ಊರೆಲ್ಲ ಕೂತಿದ್ದ ಜಗಲಿಯಲ್ಲಿ, "ಬೆಳಿಗ್ಗೆಯಿಂದ ಸಂಜೆಗಂಟ ಏನ್ ಮಾಡ್ತಿದ್ದೆ ನೀನು? ಜೀರಿಗೆ ನೀರು ಕುಡಿಸ್ಕಂಡು ಕೂತಿದ್ದಾ?" ಅಂದೆ. ಹೌದು, ಕುಡಿಸಿಕೊಂಡು ಕೂತಿದ್ದೆ. ಅವ್ವ ಎದೆನೋವು ಅನ್ನಲಿಲ್ಲ. ಬೆವರುತ್ತಿದ್ದಳು, ಸುಸ್ತು ಅಂದಳು, "ಗ್ಯಾಸ್ ತುಂಬ್ಕಂಡದೆ ಕಣೇ, ಒಂಚೂರು ಜೀರಿಗೆ ನೀರು ಕಾಯ್ಸು" ಅಂದಳು. ಕಾಯಿಸಿ ಕೊಟ್ಟೆ. ಮೂರು ಸಲ ಕೊಟ್ಟೆ. ಕಾಗದಕ್ಕೆ ದನಿಯಿಲ್ಲ, ಅದಕ್ಕೇ ನಿನ್ನದನ್ನು ಓದಿದೆ. ಇನ್ನು ಈ ಮಾತು ಸಾಕು.

ತಿಪಟೂರು ಸೀಮೆಯವಳಿಗೆ ಬಿಸಿಲು ಸಾಲದು ಅಂತ ಬರೆಯಲು ನಿನಗೆ ನಾಚಿಕೆಯಾಗಬೇಕು. ನಮ್ಮಲ್ಲಿ ಇನ್ನೇನು ಇಲ್ಲದಿದ್ದರೂ ಬಿಸಿಲಿದೆ. ಆದರೂ ಡಾಕ್ಟರು ಅದನ್ನೇ ಹೇಳಿದರು. ವಾರಕ್ಕೊಂದು ಪುಡಿ ಪೊಟ್ಟಣ ಹಾಲಿಗೆ ಹಾಕಿ ಕುಡಿಯಬೇಕಂತೆ. ಅದರ ಜೊತೆ ಸಕ್ಕರೆಗೆ ಗುಳಿಗೆ, ಬಿ.ಪಿ.ಗೆ ಗುಳಿಗೆ, ಕೊಲೆಸ್ಟ್ರಾಲಿಗೆ ಇನ್ನೊಂದು ಗುಳಿಗೆ. ಅಷ್ಟು ನುಂಗಿದ ಮೇಲೆ ಮುದ್ದೆಗೆ ಹೊಟ್ಟೆಯಲ್ಲಿ ಜಾಗ ಎಲ್ಲಿರುತ್ತದೆ?

ಸೋಮವಾರದಿಂದ ತಾರಸಿಯ ಮೇಲೆ ಕೂರುತ್ತಿದ್ದೇನೆ. ಪಕ್ಕದ ಮನೆ ರಂಗಮ್ಮ ಅವರ ತಾರಸಿಯಿಂದ ನೋಡಿ, "ಏನ್ ಶಿವ್ರುದ್ರಕ್ಕ, ಹಪ್ಪಳದ ಬದ್ಲು ನಿನ್ನೇ ಒಣಗಾಕ್ಕಂಡಿದ್ದೀಯಾ?" ಅಂತ ನಕ್ಕಳು. ನಿಮ್ಮ ಭಾವನದು ಇನ್ನೊಂದು. "ಬಿಸ್ಲು ಜೋರಾಗದೆ ಕಣೇ, ತಲೆ ಸುತ್ತಾತು" ಅಂತ ಛತ್ರಿ ತಂದು ಬಿಚ್ಚಿ ಹಿಡಿದರು. ಬಿಸಿಲು ಕಾಯಿಸಲು ಕೂತವಳಿಗೆ ಛತ್ರಿ! ಇಂಥ ಗಂಡನನ್ನು ಹುಡುಕಿ ಕೊಟ್ಟವಳು ಅವ್ವ ಅಂತ ನಿನಗೂ ಗೊತ್ತು.

ಇಂತಿ,
ಶಿವರುದ್ರಮ್ಮ


ಶಿವಮೊಗ್ಗ
26 ಫೆಬ್ರವರಿ 2024

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂದ ದಿನ ನಾನು ಲ್ಯಾಬಿನಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. ಏನು ವಿಶೇಷ ಅಂತ ಕೇಳಿದರು. ನಮ್ಮಕ್ಕ ಬೈದು ಕಾಗದ ಬರೆದಿದ್ದಾಳೆ ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಭಾವನ ಛತ್ರಿಯ ಕಥೆ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನೀನು ಬಿಸಿಲಿಗೆ ಬಂದೆಯಲ್ಲ, ಅಷ್ಟು ಸಾಕು. ಪುಡಿಯನ್ನು ವಾರಕ್ಕೊಂದೇ ತೆಗೆದುಕೋ, ಒಳ್ಳೆಯದು ಅಂತ ದಿನಾ ಕುಡಿಯಬೇಡ, ಅದು ಜಾಸ್ತಿಯಾದರೂ ಕಷ್ಟ. ಒಂದು ವಾರಪತ್ರಿಕೆಯ ತುಣುಕು ಇದರ ಜೊತೆ ಇಟ್ಟಿದ್ದೇನೆ. 'ಬಿಸಿಲು ಕಾಯಿಸಿ, ಹೃದಯ ಉಳಿಸಿ' ಅಂತ ತಲೆಬರಹ. ಆಸ್ಪತ್ರೆಯಲ್ಲಿ ಬಿದ್ದಿತ್ತು, ನಿನಗೆ ಹುರುಪು ಬರಲಿ ಅಂತ ಕತ್ತರಿಸಿಕೊಂಡೆ. ನಿನ್ನ ಡಿ ಮೂವತ್ತಕ್ಕೆ ಏರಿಬಿಟ್ಟರೆ ಹೃದಯಕ್ಕೆ ಒಂದು ಕಾವಲು ಕೂರಿಸಿದ ಹಾಗೆ, ನನಗೂ ನಿದ್ದೆ ಬರುತ್ತದೆ.

ಆ ದಿನದ ಮಾತಿನ ಬಗ್ಗೆ ಬರೆಯಲು ಎರಡು ಸಲ ಕೂತೆ. ಎರಡು ಸಲವೂ ಹಾಳೆ ಹರಿದು ಹಾಕಿದೆ.

ನಿನ್ನ ತಮ್ಮ,
ದಯಾನಂದ


ಹಾಲ್ಕುರಿಕೆ
2 ಮೇ 2024

ಚಿ. ದಯಾನಂದನಿಗೆ,

ಕೂತುಕೊಂಡು ಓದು. ಮೂವತ್ನಾಲ್ಕು! ಒಂಬತ್ತಿದ್ದದ್ದು ಮೂವತ್ನಾಲ್ಕು ಆಗಿದೆ. ಚೀಟಿ ಕೊಟ್ಟ ಹುಡುಗಿಯೇ, "ಏನಜ್ಜಿ, ಯಾವ ತೋಟದಲ್ಲಿ ಕೆಲ್ಸ ಮಾಡ್ತೀರಿ?" ಅಂತ ಕೇಳಿದಳು. ತಾರಸಿಯಲ್ಲಿ ಕಣವ್ವ ಅಂದೆ.

ಮೊದಲು ಹತ್ತು ನಿಮಿಷ ಕೂರುತ್ತಿದ್ದವಳು ಈಗ ಕೂರುವುದೂ ಇಲ್ಲ, ತಾರಸಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಬಿಸಿಲು ಏರುವ ಮೊದಲೇ ಮುಗಿಸುತ್ತೇನೆ. ರಂಗಮ್ಮನೂ ಅವರ ತಾರಸಿಯಲ್ಲಿ ನಡೆಯುತ್ತಾಳೆ. ಅವಳಿಗೂ ಸಕ್ಕರೆಯಿದೆ. ಮಧ್ಯೆ ಒಂದು ಓಣಿ, ಇಬ್ಬರೂ ಕೂಗಿಕೊಂಡು ಮಾತಾಡುತ್ತೇವೆ, ಬೀದಿಯವರಿಗೆಲ್ಲ ನಮ್ಮ ಸಕ್ಕರೆ ಎಷ್ಟು ಅಂತ ಬಾಯಿಪಾಠವಾಗಿದೆ. ಮೊಣಕಾಲು ನೋವು ಕಡಿಮೆಯಾದ ಹಾಗಿದೆ. ಸೊಂಟವೂ ಅಷ್ಟು ಹಿಡಿಯುವುದಿಲ್ಲ.

ಇನ್ನೊಂದು ಸಂತೋಷದ ಸುದ್ದಿ. ನೀನು ಕಳಿಸಿದ ತುಣುಕನ್ನು ಕನ್ನಡಕ ಹಾಕಿಕೊಂಡು ನಾಲ್ಕು ಸಲ ಓದಿದೆ. ಡಿ ತುಂಬಿದರೆ ಹೃದಯಕ್ಕೆ ಕಾವಲು ಅಂತ ನೀನೂ ಬರೆದಿದ್ದೆ. ಒಬ್ಬ ಕಾವಲುಗಾರ ಇರುವಾಗ ಮೂವರು ಯಾಕೆ? ಸಕ್ಕರೆಯ ಗುಳಿಗೆ ಮಾತ್ರ ಇಟ್ಟುಕೊಂಡು, ಬಿ.ಪಿ.ದನ್ನೂ ಕೊಲೆಸ್ಟ್ರಾಲಿನದನ್ನೂ ಮಾರ್ಚಿಯಿಂದಲೇ ಬಿಟ್ಟುಬಿಟ್ಟೆ. ಡಬ್ಬಕ್ಕೆ ಹಾಕಿ ಅಟ್ಟದ ಮೇಲಿಟ್ಟಿದ್ದೇನೆ. ಡಾಕ್ಟರಿಗೆ ಹೇಳಿಲ್ಲ, ಸುಮ್ಮನೆ ಅವರ ಮನಸ್ಸು ನೋಯಿಸುವುದು ಯಾಕೆ. ಲಿಖಿತಾಗೂ ಗೊತ್ತಿಲ್ಲ. ನಿನ್ನ ಮಾತು ಕೇಳಿ ಇಷ್ಟಾದರೂ ಒಳ್ಳೆಯದಾಯಿತಲ್ಲ, ಅದಕ್ಕೆ ಬರೆದೆ.

ಇಂತಿ ನಿನ್ನ ಅಕ್ಕ,
ಶಿವರುದ್ರಮ್ಮ


ಶಿವಮೊಗ್ಗ
6 ಮೇ 2024
ಸ್ಪೀಡ್ ಪೋಸ್ಟ್

ರುದ್ರಕ್ಕ,

ಮೊದಲು ಆ ಡಬ್ಬ ಇಳಿಸು. ಆಮೇಲೆ ಉಳಿದದ್ದು ಓದು.

ನಾನು ಲಿಖಿತಾಗೆ ಫೋನ್ ಮಾಡಿ ಹೇಳಿದ್ದೇನೆ. ಇವತ್ತೇ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಗುಳಿಗೆ ಬಿಟ್ಟದ್ದನ್ನು ಅವರಿಗೆ ಬಾಯಿಬಿಟ್ಟು ಹೇಳು. ಅವರ ಮನಸ್ಸು ನೋಯುವುದಿಲ್ಲ, ನೊಂದರೆ ನೋಯಲಿ.

ತಪ್ಪು ನನ್ನದು. ಆ ತುಣುಕನ್ನು ನಾನು ಪೂರ್ತಿ ಓದಿಯೇ ಇರಲಿಲ್ಲ, ತಲೆಬರಹ ನೋಡಿ ಕತ್ತರಿಸಿದ್ದೆ. ನಿನ್ನ ಕಾಗದ ನೋಡಿದ ಮೇಲೆ ನಮ್ಮ ಆಸ್ಪತ್ರೆಯ ಹೃದಯದ ಡಾಕ್ಟರನ್ನು ಹಿಡಿದು ಕೂರಿಸಿ ಕೇಳಿದೆ. ಸಕ್ಕರೆಯವರಲ್ಲಿ ಡಿ ಕಡಿಮೆ ಇರುವುದು ನಿಜ, ಕಡಿಮೆ ಇರುವವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಾಣುವುದೂ ನಿಜ. ಆದರೆ ಸಾವಿರಾರು ಜನಕ್ಕೆ ವರ್ಷಗಟ್ಟಲೆ ಡಿ ಕೊಟ್ಟು ನೋಡಿದಾಗ, ಅದರಿಂದಲೇ ಹೃದಯಾಘಾತ ಕಡಿಮೆಯಾಯಿತು ಅನ್ನುವಂತೆ ಸ್ಪಷ್ಟವಾಗಿ ಕಂಡಿಲ್ಲವಂತೆ. ಡಿ ಬೇಕು, ಮೂಳೆಗೆ ಬೇಕು, ನಿನ್ನ ಮೂವತ್ನಾಲ್ಕು ಸಂತೋಷವೇ. ಆದರೆ ಅದು ಆ ಎರಡು ಗುಳಿಗೆಯ ಕೆಲಸ ಮಾಡುವುದಿಲ್ಲ.

ಇನ್ನೊಂದು ಮಾತು ಅವರು ಹೇಳಿದರು. ತುಂಬಾ ವರ್ಷ ಸಕ್ಕರೆ ಇದ್ದವರಿಗೆ ಹೃದಯಾಘಾತವಾದಾಗ ಎದೆ ನೋಯದೆಯೂ ಇರಬಹುದಂತೆ. ನೋವು ತಿಳಿಸುವ ನರಗಳೇ ಮಂಕಾಗಿರುತ್ತವೆ. ಬರೀ ಬೆವರು, ಸುಸ್ತು, ಏದುಸಿರು, ಹೊಟ್ಟೆ ಉಬ್ಬರಿಸಿದ ಹಾಗೆ. ಗ್ಯಾಸ್ ಅಂದುಕೊಳ್ಳುತ್ತಾರಂತೆ. ನಿನಗೆ ಹಾಗೆ ಆದರೆ ಒಂದು ನಿಮಿಷ ಕಾಯಬೇಡ ಅಕ್ಕ.

ಅವ್ವನಿಗೆ ಆದದ್ದು ಅದೇ. ಅವ್ವನಿಗೇ ಗೊತ್ತಾಗದ್ದು ನಿನಗೆ ಹೇಗೆ ಗೊತ್ತಾಗುತ್ತದೆ? ನಾನು ಅಲ್ಲಿದ್ದರೂ ಜೀರಿಗೆ ನೀರು ಕಾಯಿಸು ಅಂತಲೇ ಅನ್ನುತ್ತಿದ್ದೆ. ಕೊನೆಯ ಆರು ವರ್ಷ ಅವ್ವನನ್ನು ಮಗುವಿನ ಹಾಗೆ ನೋಡಿಕೊಂಡವಳು ನೀನು. ಲ್ಯಾಬಿನಲ್ಲಿ ಕೂತ ಮಗ ನಾನು, ಅವಳ ಸಕ್ಕರೆಯ ಚೀಟಿಗಳನ್ನು ನೋಡಿ ನೋಡಿ ಮಡಚಿಟ್ಟೆ. ಒಂದು ಸಲ ಹೃದಯ ತೋರಿಸೋಣ ಅಂತ ನನ್ನ ಬಾಯಲ್ಲಿ ಬರಲಿಲ್ಲ. ಆ ಸಿಟ್ಟು ನನ್ನ ಮೇಲಿನದು, ಜಗಲಿಯಲ್ಲಿ ನಿನ್ನ ಮೇಲೆ ತೆಗೆದೆ. ಊರವರ ಮುಂದೆ ಅಂದದ್ದನ್ನು ಊರವರ ಮುಂದೆಯೇ ತಪ್ಪು ಅಂತ ಹೇಳುತ್ತೇನೆ. ಜಗಲಿಯ ಮೇಲೆ ನಿಂತು ಕೂಗು ಅಂದರೆ ಕೂಗುತ್ತೇನೆ.

ತಪ್ಪಾಯಿತು ಅಕ್ಕ.

ದಯಾ


ಹಾಲ್ಕುರಿಕೆ
19 ಜೂನ್ 2024

ದಯಾ,

ನಿಧಾನಕ್ಕೆ ಬರೆಯುತ್ತಿದ್ದೇನೆ, ಮೂರು ದಿನದಲ್ಲಿ ಇಷ್ಟಿಷ್ಟೇ. ಜಾಸ್ತಿ ಆಯಾಸ ಮಾಡಿಕೊಳ್ಳಬಾರದು ಅಂತ ಲಿಖಿತಾ ಪೆನ್ನು ಕಿತ್ತುಕೊಳ್ಳುತ್ತಾಳೆ.

ಆಸ್ಪತ್ರೆಯಲ್ಲಿ ನೀನು ಎರಡು ದಿನ ನನ್ನ ಮಂಚದ ಪಕ್ಕ ಕೂತಿದ್ದೆ. ನಾನು ಮಲಗಿದ್ದೇನೆ ಅಂತ ನೀನು ತಿಳಿದಿದ್ದೆ. ನಾನು ಮಲಗಿರಲಿಲ್ಲ ಕಣ್ಲಾ, ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ಬಿಟ್ಟರೆ ಅಳು ಬರುತ್ತದೆ, ಅತ್ತರೆ ಆ ಮಿಷನ್ನು ಕೀ ಕೀ ಅನ್ನುತ್ತದೆ, ನರ್ಸಮ್ಮ ಓಡಿ ಬರುತ್ತಾಳೆ. ನೀನು ಹೊರಡುವಾಗ "ಊಟ ಆಯ್ತಾ" ಅಂತ ಒಂದು ಮಾತು ಕೇಳಿದೆ. ಅದೇ ನನ್ನ ಕೈಲಾದದ್ದು. ಅದಕ್ಕೇ ಈಗ ಬರೆಯುತ್ತಿದ್ದೇನೆ, ಆವತ್ತು ಕೊಬ್ಬರಿ ಮನೆಯಲ್ಲಿ ಏನಾಯಿತು ಅಂತ ಯಾರಿಗೂ ಸರಿಯಾಗಿ ಹೇಳಿಲ್ಲ.

ನಿನ್ನ ಸ್ಪೀಡ್ ಪೋಸ್ಟು ಬಂದ ದಿನ ನನಗೆ ನಿನ್ನ ಮೇಲೆ ಮೊದಲಿಗಿಂತ ಜಾಸ್ತಿ ಸಿಟ್ಟು ಬಂತು. ಮೂರು ವರ್ಷ ಬಿಟ್ಟು ಈಗ ಹೇಳುತ್ತಾನೆ ಅಂತ. ಅದಕ್ಕೂ ಮೊದಲೇ, ನೀನು ಫೋನ್ ಮಾಡಿದ ದಿನವೇ, ಲಿಖಿತಾ ಡಬ್ಬ ಇಳಿಸಿ ಎದುರು ನಿಂತು ಗುಳಿಗೆ ನುಂಗಿಸಿದ್ದಳು. ಡಾಕ್ಟರ ಹತ್ತಿರವೂ ಹೋಗಿ ಬೈಸಿಕೊಂಡು ಬಂದಿದ್ದೆ. ನಿನ್ನ ಕಾಗದವನ್ನು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗಿಟ್ಟೆ. ದಿನಾ ಪೂಜೆಯಾದ ಮೇಲೆ ತೆಗೆದು ಓದುತ್ತಿದ್ದೆ. 'ಅವ್ವನಿಗೇ ಗೊತ್ತಾಗದ್ದು ನಿನಗೆ ಹೇಗೆ ಗೊತ್ತಾಗುತ್ತದೆ' ಅನ್ನುವ ಸಾಲಿಗೆ ಬಂದು ನಿಲ್ಲುತ್ತಿದ್ದೆ.

ಮೇ ಇಪ್ಪತ್ತೇಳನೇ ತಾರೀಕು, ಮಧ್ಯಾಹ್ನದ ಊಟಕ್ಕೆ ಮೊದಲು. ಕಳೆದ ವರ್ಷ ಅಟ್ಟ ಹತ್ತಿಸಿದ ಕಾಯಿ ಇಳಿಸಿದ್ದರು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದೆ. ಒಳಗೆ ತಿರುಳಿನ ಗಿಟುಕು ಕರಟ ಬಿಟ್ಟು ಲೊಡಲೊಡ ಅಂದರೆ ಒಣಗಿದೆ, ನೀರು ಕುಲುಕಿದರೆ ಇನ್ನೂ ಇಲ್ಲ. ಹತ್ತು ಹದಿನೈದು ಕಾಯಿ ನೋಡಿರಬೇಕು. ಬೆನ್ನೆಲ್ಲ ಬೆವರಿತು. ಉಸಿರು ಸಾಲದಾಯಿತು. ಎದೆ ನೋವಿಲ್ಲ, ಸಾಸಿವೆಯಷ್ಟೂ ಇಲ್ಲ. ಹೊಟ್ಟೆ ಉಬ್ಬರಿಸಿದ ಹಾಗೆ. ಗ್ಯಾಸು ಅಂದುಕೊಂಡು ಗೋಡೆ ಹಿಡಿದುಕೊಂಡು ಅಡುಗೆ ಮನೆಗೆ ಬಂದೆ. ಪಾತ್ರೆಯಲ್ಲಿ ನೀರಿಟ್ಟೆ. ಜೀರಿಗೆ ಡಬ್ಬ ತೆಗೆದು ಮುಚ್ಚಳ ಬಿಚ್ಚಿದೆ.

ಆ ವಾಸನೆ ಮೂಗಿಗೆ ಬಡಿಯಿತು ನೋಡು. ಅವ್ವನಿಗೆ ಕಾಯಿಸುವಾಗ ಬಂದ ವಾಸನೆಯೇ. ನಿನ್ನ ಕಾಗದ ಪೂರ್ತಿ ನೆನಪಿಗೆ ಬಂತು. ಬೆವರು, ಸುಸ್ತು, ಏದುಸಿರು. ಡಬ್ಬ ಅಲ್ಲೇ ಕುಕ್ಕಿ, ಗ್ಯಾಸ್ ಆರಿಸಿ, "ಲಿಖಿತಾ, ಕಾರ್ ತೆಗಿಯೇ. ನನ್ ಎದೆ ನೋಯ್ತಿಲ್ಲ ಕಣೇ, ಬೇಗ ತೆಗಿ" ಅಂತ ಕೂಗಿದೆ. ಎದೆ ನೋಯದಿದ್ದರೆ ಕಾರು ಯಾಕೆ ಅಂತ ನಿಮ್ಮ ಭಾವ ಕಣ್ಣು ಕಣ್ಣು ಬಿಟ್ಟರು. ಲಿಖಿತಾಗೆ ಅರ್ಥವಾಯಿತು. ನೀನು ಅವಳಿಗೂ ಹೇಳಿದ್ದೆಯಂತೆ. ತಿಪಟೂರು ಮುಟ್ಟುವಷ್ಟರಲ್ಲಿ ಸೀರೆ ಒದ್ದೆಯಾಗಿತ್ತು. ಇಸಿಜಿ ನೋಡಿ ಡಾಕ್ಟರು ಕೂತಲ್ಲಿಂದ ಎದ್ದೇಬಿಟ್ಟರು. ಅಲ್ಲಿಂದ ಆಂಬುಲೆನ್ಸು, ದೊಡ್ಡಾಸ್ಪತ್ರೆ, ಸ್ಟೆಂಟು. ಆಮೇಲಿನದು ನಿನಗೆ ಗೊತ್ತು.

ಗುಳಿಗೆ ಬಿಟ್ಟದ್ದಕ್ಕೇ ಹೀಗಾಯಿತಾ ಅಂತ ದೊಡ್ಡ ಡಾಕ್ಟರನ್ನು ಕೇಳಿದೆ. "ಅದೊಂದೇ ಅನ್ನಲಾಗದು ಅಮ್ಮ, ರಕ್ತನಾಳ ಕಟ್ಟಿಕೊಳ್ಳುತ್ತಾ ಬಂದು ವರ್ಷಗಳೇ ಆಗಿವೆ. ಇನ್ನು ಮಾತ್ರ ಬಿಡಬೇಡಿ" ಅಂದರು. ಆದ್ದರಿಂದ ನೀನು ಆ ತಪ್ಪನ್ನು ನಿನ್ನ ತಲೆಯ ಮೇಲೆ ಹೊತ್ತುಕೊಂಡು ಓಡಾಡಬೇಡ. ನಮ್ಮ ಮನೆಯಲ್ಲಿ ಹಾಗೆ ಹೊತ್ತುಕೊಂಡು ಮೂರು ವರ್ಷ ಓಡಾಡಿದವಳು ಒಬ್ಬಳಿದ್ದಾಳೆ, ಸಾಕು. ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಅಂತಲೂ ಅವರೇ ಅಂದರು. ಆ ಅರ್ಧ ಗಂಟೆ ಜೀರಿಗೆ ನೀರು ಕಾಯಿಸಿ, ಆರಿಸಿ, ಕುಡಿದು, ತೇಗು ಬರಲಿ ಅಂತ ಕಾಯುವಷ್ಟು ಹೊತ್ತು.

ಮೊನ್ನೆ ರಂಗಮ್ಮ ಬಂದು ಮೆಲ್ಲಗೆ, "ಶಿವ್ರುದ್ರಕ್ಕ, ನಿನ್ ಪುಡಿ ಪೊಟ್ಣ ಮಿಕ್ಕಿದ್ರೆ ನಂಗೊಂದೆಲ್ಡು ಕೊಡು. ನಾನೂ ಗುಳ್ಗೆ ಬುಟ್ಬುಡ್ತೀನಿ" ಅಂದಳು. ನೋಡು, ನನ್ನ ಬುದ್ಧಿ ಬೀದಿಗೆಲ್ಲ ಹಬ್ಬಿದೆ. ನೀನು ಎರಡು ಹಾಳೆ ಬರೆದದ್ದನ್ನು ನಾನು ಅವಳಿಗೆ ಎರಡು ಕಾಯಿಯಲ್ಲಿ ಹೇಳಿದೆ. ಒಣಗಿದ ಕಾಯಿ ತಂದು ಅವಳ ಕಿವಿಯ ಹತ್ತಿರ ಅಲ್ಲಾಡಿಸಿದೆ. "ಕೇಳ್ತದಾ?" ಅಂದೆ. "ಲೊಡಲೊಡ ಅಂತದೆ ಕಣಕ್ಕ" ಅಂದಳು. ಹಸಿ ಕಾಯಿ ಒಂದನ್ನು ಅವಳ ಕೈಗೆ ಕೊಟ್ಟು, "ತಗ, ಇದನ್ನ ಸಂಜೆಗಂಟ ಅಲ್ಲಾಡ್ಸು. ಒಣಗೋಯ್ತದೆ" ಅಂದೆ. ಅವಳು ನನ್ನ ಮುಖ ನೋಡಿದಳು. "ಅಲ್ಲಾಡ್ಸುದ್ರೆ ಒಣಗ್ತದೇನಕ್ಕ? ಒಣಗುದ್ರೆ ಅಲ್ಲಾಡ್ತದೆ." "ಹಂಗೇ ಕಣೇ ಇದೂನೂ. ಕಾಯ್ಲೆ ಇದ್ದೋರಲ್ಲಿ ಡಿ ಕಮ್ಮಿ ಕಾಣ್ತದೆ. ಡಿ ತುಂಬುಸ್ಬುಟ್ರೆ ಕಾಯ್ಲೆ ಹೋಯ್ತು ಅನ್ನಂಗಿಲ್ಲ" ಅಂದೆ. ಎದ್ದು ಹೋಗಿ ಗುಳಿಗೆ ನುಂಗಿ ಬಂದಳು. ಈ ಲೊಡಲೊಡ ನಲವತ್ತು ವರ್ಷದಿಂದ ನನ್ನ ಕಿವಿಯಲ್ಲೇ ಇತ್ತು. ಮಾರ್ಚಿಯಲ್ಲಿ ಯಾಕೆ ಹೊಳೆಯಲಿಲ್ಲವೋ ಶಿವನೇ ಬಲ್ಲ.

ಈಗ ಜೀರಿಗೆ ಡಬ್ಬದಲ್ಲಿ ಜೀರಿಗೆಯಿಲ್ಲ. ಬೇರೆ ಡಬ್ಬಕ್ಕೆ ಸುರಿದು, ಅದನ್ನು ತೊಳೆದು ಒರೆಸಿ ಬೆಳಗಿನ ಗುಳಿಗೆ, ರಾತ್ರಿಯ ಗುಳಿಗೆ ಎರಡನ್ನೂ ಅದರಲ್ಲೇ ಇಟ್ಟಿದ್ದೇನೆ. ಮುಚ್ಚಳ ತೆಗೆದಾಗ ಇನ್ನೂ ಸ್ವಲ್ಪ ವಾಸನೆ ಬರುತ್ತದೆ. ಮೊದಲಾಗಿದ್ದರೆ ಕೂಡಲೇ ಮುಚ್ಚಿಡುತ್ತಿದ್ದೆ. ಈಗ ಅವ್ವನೇ "ನುಂಗೇ" ಅಂತ ಗದರಿದ ಹಾಗಿರುತ್ತದೆ, ನುಂಗುತ್ತೇನೆ.

ಜಗಲಿಯ ಮೇಲೆ ನಿಂತು ಕೂಗುತ್ತೇನೆ ಅಂತ ಬರೆದಿದ್ದೀಯ. ಬೇಡ, ನಿನ್ನ ಗಂಟಲು ಮೊದಲೇ ದೊಡ್ಡದು. ನನಗೆ ಕೇಳಿಸಿತು, ಅಷ್ಟು ಸಾಕು. ಮೂರು ವರ್ಷದಿಂದ ನಾನೇ ಅವ್ವನನ್ನು ಕೊಂದೆ ಅಂದುಕೊಂಡಿದ್ದೆ ದಯಾ. ನಿನ್ನ ಮೇಲಿನ ಸಿಟ್ಟಿಗಿಂತ ಅದು ದೊಡ್ಡದಾಗಿತ್ತು. ಅಡುಗೆ ಮನೆಯಲ್ಲಿ ಆ ಡಬ್ಬ ಕುಕ್ಕಿದೆನಲ್ಲ, ಅದರ ಜೊತೆ ಅದನ್ನೂ ಇಳಿಸಿಬಿಟ್ಟೆ.

ಇನ್ನು ಕಾಗದ ಬರೆಯಬೇಡ. ಬರೆದರೆ ಬರುವಷ್ಟರಲ್ಲಿ ಹಳೆಯ ಸುದ್ದಿಯಾಗಿರುತ್ತದೆ. ಮನೆ ಮುಟ್ಟಿದ ವಾರಕ್ಕೇ ಡಾಕ್ಟರು ನಿಧಾನಕ್ಕೆ ನಡೆಯಿರಿ ಅಂದಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ಲಿಖಿತಾಳ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತೇನೆ. ನಿಮ್ಮ ಭಾವ ಹಿಂದಿನಿಂದ ಛತ್ರಿ ಹಿಡಿದು ಬರುತ್ತಾರೆ. ಈಗ ನಾನು ಬೈಯುವುದಿಲ್ಲ.

ಕೊಬ್ಬರಿ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ ಅನ್ನುವುದು ನಿಜವೇ ಕಣ್ಲಾ, ನಿಮ್ಮ ಭಾವ ಅದೊಂದನ್ನು ಸುಳ್ಳು ಹೇಳಲಿಲ್ಲ. ತಾರಸಿಯ ಮೇಲೆ ಚೆನ್ನಾಗಿ ಸಿಗುತ್ತದೆ. ದಿನಾ ಒಂಬತ್ತಕ್ಕೆ ಅಲ್ಲಿರುತ್ತೇನೆ. ಫೋನ್ ಮಾಡು. ನಾನೇ ಎತ್ತುತ್ತೇನೆ.

ನಿನ್ನ
ರುದ್ರಕ್ಕ